ಹಂಪಮ್ಮ ಎಂಬ ಹೆಸರು

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆಯ ಯಾವುದಾದರೂ ಹಳ್ಳಿಯ ಅಗಸೆಬಾಗಿಲಲ್ಲಿ ನಿಂತು ‘ಹಂಪಮ್ಮಾ’ ಎಂದು ಗಟ್ಟಿಯಾಗಿ ಕೂಗಿದರೆ ನಾಲ್ಕು ಮನೆಗಳಿಂದ ನಾಲ್ವರು ಹೆಂಗಸರು ಹೊರಗೆ ಬರುತ್ತಿದ್ದ ಕಾಲವೊಂದಿತ್ತು. ಅವರಲ್ಲಿ ಒಬ್ಬಳು ಮುದುಕಿ, ಒಬ್ಬಳು ಮಕ್ಕಳೊಂದಿಗಳು, ಒಬ್ಬಳು ಹೊಸ ಸೊಸೆ, ಇನ್ನೊಬ್ಬಳು ಲಂಗ ತೊಟ್ಟ ಹುಡುಗಿ. ಆದುದರಿಂದ ಊರಿನವರು ಬರಿಯ ಹೆಸರನ್ನು ಹಿಡಿದು ಕರೆಯುತ್ತಿರಲಿಲ್ಲ. ಮೇಗಳಮನೆ ಹಂಪಮ್ಮ, ಬಾವಿಕಟ್ಟೆ ಹಂಪಮ್ಮ, ಬಳೆಗಾರರ ಹಂಪಮ್ಮ ಎಂದು ಗುರುತು ಹಚ್ಚಿ ಕರೆಯುತ್ತಿದ್ದರು. ಅಕ್ಕರೆಯವರಿಗೆ ಅವಳು ಹಂಪವ್ವ, ಓರಗೆಯವರಿಗೆ ಹಂಪಕ್ಕ, ಸಿಟ್ಟು ಬಂದಾಗ ತಾಯಿಯ ಬಾಯಲ್ಲಿ ಬರಿಯ ‘ಹಂಪಿ’. ಒಂದು ಊರಿನ ಹೆಸರು ಹೀಗೆ ಹೆಣ್ಣುಮಕ್ಕಳ ಹೆಸರಾಗಿ ಮನೆ ಮನೆಯಲ್ಲಿ ಬಾಳುವುದು ವಿಶೇಷವೆಂದು ಹೊರಗಿನವರಿಗೆ ತೋರಬಹುದು. ನಡೆದದ್ದು ಇದಕ್ಕೆ ವಿರುದ್ಧವಾದುದು. ಹೆಣ್ಣಿನ ಹೆಸರೇ ಮೊದಲು. ಊರಿಗೆ ಅದು ಆಮೇಲೆ ಬಂತು.

ಆ ಹೆಣ್ಣು ಪಂಪೆ. ಸ್ಥಳಪುರಾಣವು ಅವಳನ್ನು ಬ್ರಹ್ಮನ ಮಾನಸಪುತ್ರಿಯೆಂದು ಹೇಳುತ್ತದೆ. ಹೇಮಕೂಟದಲ್ಲಿ ತಪಸ್ಸಿಗೆ ಕುಳಿತಿದ್ದ ಶಿವನನ್ನು ಅವಳು ಮೆಚ್ಚಿದಳು; ಅವನನ್ನು ಎಚ್ಚರಿಸಲು ಬಂದ ಮನ್ಮಥನು ಹಣೆಗಣ್ಣಿನ ಉರಿಗೆ ಸಿಕ್ಕಿ ಬೂದಿಯಾದನು; ಪಂಪೆಯು ತಾನೂ ತಪಸ್ಸಿಗೆ ನಿಂತು ಕೊನೆಗೆ ಅವನನ್ನೇ ವರಿಸಿದಳು. ವಿರೂಪಾಕ್ಷ ದೇವಾಲಯದ ಉತ್ತರಕ್ಕೆ ಇರುವ ಪುಷ್ಕರಿಣಿಗೆ ಇಂದಿಗೂ ಮನ್ಮಥನ ಹೆಸರೇ ಉಳಿದಿದೆ. ಈ ಕಥೆಯನ್ನು ಊರು ಪುಸ್ತಕದಲ್ಲಿ ಓದುವುದಿಲ್ಲ, ವರ್ಷವರ್ಷವೂ ನಡೆಸುತ್ತದೆ. ಮಾರ್ಗಶಿರ ಮಾಸದಲ್ಲಿ ಫಲಪೂಜೆ, ಎಂದರೆ ವಿರೂಪಾಕ್ಷನಿಗೂ ಪಂಪೆಗೂ ನಿಶ್ಚಿತಾರ್ಥ. ಚೈತ್ರಮಾಸದಲ್ಲಿ ಕಲ್ಯಾಣ, ತೇರು. ನಿಶ್ಚಯಕ್ಕೂ ಮದುವೆಗೂ ನಡುವೆ ನಾಲ್ಕು ತಿಂಗಳು. ಸುಗ್ಗಿಯ ಕಣಗೆಲಸ ಮುಗಿಯಲು, ಧಾನ್ಯ ಮನೆಗೆ ಬರಲು, ಬೀಗರು ಬಟ್ಟೆಬರೆ ಕೊಳ್ಳಲು ಈ ಸೀಮೆಯ ಒಕ್ಕಲುಮನೆಗಳಿಗೆ ಬೇಕಾದ ಅವಧಿಯೂ ಅಷ್ಟೇ. ದೇವರ ಮದುವೆಯು ಮನುಷ್ಯರ ಮದುವೆಯ ಹದವನ್ನು ಅನುಸರಿಸಿತೋ, ಮನುಷ್ಯರೇ ದೇವರನ್ನು ಅನುಸರಿಸಿದರೋ, ಜಾತ್ರೆಗೆ ಬಂದವರಿಗೆ ಆ ಚಿಂತೆಯಿಲ್ಲ.

ಪುರಾಣವನ್ನು ಬದಿಗಿಟ್ಟು ಇತಿಹಾಸದ ಕಡೆಗೆ ತಿರುಗಿದರೂ ಪಂಪೆಯ ಹಿರಿತನವೇ ಕಾಣುತ್ತದೆ. ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಕಾಲದ, ಏಳನೆಯ ಶತಮಾನದ ಕೊನೆಯ ಭಾಗದ ತಾಮ್ರಪಟವೊಂದರಲ್ಲಿ ‘ಪಂಪಾತೀರ್ಥ’ ಎಂಬ ಹೆಸರು ಬಂದಿದೆ. ತೀರ್ಥವೆಂದರೆ ಹೊಳೆಯನ್ನು ದಾಟುವ ಕಡವು. ಆಗ ಈ ಎಡೆಯಲ್ಲಿ ವಿಜಯನಗರವಿರಲಿಲ್ಲ, ಮುಗಿಲು ಮುಟ್ಟುವ ಗೋಪುರವೂ ಇರಲಿಲ್ಲ. ಹೊಳೆ, ಬಂಡೆ, ಕಡವು, ಆ ಕಡವನ್ನು ಕಾಯುವ ಒಬ್ಬ ದೇವತೆ ಇದ್ದಳು. ತುಂಗಭದ್ರೆಗೆ ಪಂಪೆಯೆಂಬುದು ಹಳೆಯ ಹೆಸರೆಂದು ಈ ನಾಡಿನ ನಂಬಿಕೆ. ನಾಡದೇವತೆಯಾದ ಪಂಪೆಯೇ ಮೊದಲಿನವಳು, ವಿರೂಪಾಕ್ಷನ ಹಿರಿಮೆ ಬೆಳೆದದ್ದು ಅನಂತರದ ಶತಮಾನಗಳಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ದೇವಾಲಯದಲ್ಲಿ ಇಂದು ಗರ್ಭಗುಡಿಯು ವಿರೂಪಾಕ್ಷನದು. ಪಂಪಾಂಬಿಕೆಯ ಗುಡಿ ಅದರ ಉತ್ತರಕ್ಕೆ, ಭುವನೇಶ್ವರಿಯ ಗುಡಿಯ ಜೊತೆಯಲ್ಲಿ ಇದೆ. ಮನೆಯ ಒಡತಿಯು ಪಡಸಾಲೆಯನ್ನು ಗಂಡನಿಗೆ ಬಿಟ್ಟುಕೊಟ್ಟು ತಾನು ಪಕ್ಕದ ಕೋಣೆಗೆ ಸರಿದಂತೆ. ಆದರೆ ಯಜಮಾನಿಕೆ ಯಾರದೆಂಬುದನ್ನು ಹೆಸರು ಮರೆಯಗೊಡುವುದಿಲ್ಲ. ಲೋಕದಲ್ಲಿ ಹೆಂಡತಿಯನ್ನು ಗಂಡನ ಹೆಸರಿನಿಂದ ಗುರುತಿಸುವುದು ರೂಢಿ. ಇಲ್ಲಿ ಮಾತ್ರ ಶಿವನಿಗೇ ‘ಪಂಪಾಪತಿ’ ಎಂದು ಹೆಸರು. ಪಂಪೆಯ ಗಂಡನೆಂಬುದೇ ಅವನ ವಿಳಾಸ.

ವಾಲ್ಮೀಕಿ ರಾಮಾಯಣದಲ್ಲಿ ಪಂಪೆಯೆಂಬುದು ಒಂದು ಸರೋವರ. ಸೀತೆಯನ್ನು ಕಳೆದುಕೊಂಡ ರಾಮನು ವಸಂತಕಾಲದಲ್ಲಿ ಆ ಸರೋವರದ ದಡಕ್ಕೆ ಬಂದು ಕಂಗೆಡುವುದರಿಂದಲೇ ಕಿಷ್ಕಿಂಧಾಕಾಂಡವು ಮೊದಲಾಗುತ್ತದೆ. ಆ ಸರೋವರವನ್ನು ಜನರು ಆನೆಗೊಂದಿಯ ಬಳಿ, ಹೊಳೆಯ ಆಚೆಯ ದಡದಲ್ಲಿ ತೋರಿಸುತ್ತಾರೆ. ಶಬರಿ ಕಾದು ಕುಳಿತ ಎಡೆಯೂ ಅಲ್ಲಿಯೇ ಎಂದು ಹೇಳುತ್ತಾರೆ. ಕೇರಳದಲ್ಲಿ ಶಬರಿಮಲೆಯ ಕೆಳಗೆ ಹರಿಯುವ ನದಿಗೂ ಪಂಪೆಯೆಂದೇ ಹೆಸರು. ದೂರದ ಬಂಗಾಳದಲ್ಲಿ ಪಂಪಾ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಬಳಕೆಯ ಹೆಸರು. ಕೊಲ್ಕತ್ತೆಯ ಪಂಪಾ ಎಂಬುವಳೂ ಕಂಪ್ಲಿಯ ಹಂಪಮ್ಮ ಎಂಬುವಳೂ ಒಂದೇ ರೈಲುಡಬ್ಬಿಯಲ್ಲಿ ಎದುರುಬದುರು ಕುಳಿತರೆ ತಾವು ಒಂದೇ ಹೆಸರಿನವರೆಂದು ಅವರಿಗೆ ಹೊಳೆಯುವುದು ಕಷ್ಟ.

ಹೊಳೆಯದಿರುವುದಕ್ಕೆ ಕಾರಣವು ಕನ್ನಡದ ನಾಲಗೆಯಲ್ಲಿದೆ. ಹಳಗನ್ನಡದಲ್ಲಿ ಪದದ ಮೊದಲಿಗೆ ಇದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. ಪಾಲ್ ಎಂಬುದು ಹಾಲಾಯಿತು, ಪುಲಿಯು ಹುಲಿಯಾಯಿತು, ಪೂ ಹೂವಾಯಿತು, ಪಂದಿ ಹಂದಿಯಾಯಿತು. ಹತ್ತನೆಯ ಶತಮಾನದ ಸುಮಾರಿಗೆ ಮೊದಲಾದ ಈ ಮಾರ್ಪಾಡು ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನಾಡನ್ನೆಲ್ಲ ವ್ಯಾಪಿಸಿತು. ಸಂಸ್ಕೃತದಿಂದ ಬಂದ ಮಾತುಗಳನ್ನೂ ಅದು ಬಿಡಲಿಲ್ಲ; ಪರ್ವ ಹಬ್ಬವಾಯಿತು, ಪಿಪ್ಪಲಿ ಹಿಪ್ಪಲಿಯಾಯಿತು. ಪಂಪೆ ಹಂಪೆಯಾದದ್ದು ಇದೇ ದಾರಿಯಲ್ಲಿ. ನೆರೆಯ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಪಕಾರವು ಅಲುಗದೆ ನಿಂತಿತು. ತೆಲುಗೂ ಕನ್ನಡವೂ ಕೈಹಿಡಿದು ನಡೆಯುವ ಬಳ್ಳಾರಿಯ ಸೀಮೆಯಲ್ಲಿ ಆದುದರಿಂದಲೇ ಎರಡು ರೂಪಗಳೂ ಒಟ್ಟಿಗೆ ಬಾಳಿವೆ. ಒಂದೇ ಬೀದಿಯಲ್ಲಿ ಪಂಪಮ್ಮನೂ ಇದ್ದಾಳೆ, ಹಂಪಮ್ಮನೂ ಇದ್ದಾಳೆ. ಪಂಪಣ್ಣನಿದ್ದಾನೆ, ಹಂಪಣ್ಣನೂ ಇದ್ದಾನೆ. ಹಂಪಯ್ಯ, ಪಂಪಾಪತಿ, ಪಂಪಾವತಿಯರಿಗೂ ಕೊರತೆಯಿಲ್ಲ.

ಕವಿಗಳ ಪಾಲಿಗೂ ಈ ಹೆಸರು ಬಂದಿದೆ. 902ರಲ್ಲಿ ಹುಟ್ಟಿ, 941ರಲ್ಲಿ ಆದಿಪುರಾಣವನ್ನು ಬರೆದು ಕನ್ನಡದ ಆದಿಕವಿಯೆನಿಸಿದವನು ಪಂಪ. ಅವನು ಜೈನ, ಗಂಡಸು. ಅವನ ಹೆಸರಿನಲ್ಲಿ ಪಕಾರವು ಹಳಗನ್ನಡದ ಗಾಂಭೀರ್ಯದಿಂದ ನಿಂತಿದೆ. ಕರ್ನಾಟಕ ಸರ್ಕಾರವು 1987ರಲ್ಲಿ ಅವನ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿ ಮೊದಲು ಕುವೆಂಪು ಅವರಿಗೆ ಅರ್ಪಿಸಿತು. ಪಂಪಪ್ರಶಸ್ತಿಯೆಂದು ಹೇಳುವಾಗ ಯಾರ ದನಿಯಲ್ಲಿಯೂ ಹೆಮ್ಮೆಯಲ್ಲದೆ ಬೇರೇನೂ ಇರುವುದಿಲ್ಲ. ಹಂಪೆಯಲ್ಲಿಯೇ ಬಾಳಿದ ಹರಿಹರನಲ್ಲಿ ಎರಡು ರೂಪಗಳೂ ಸಿಕ್ಕುತ್ತವೆ. ತನ್ನ ಶತಕಕ್ಕೆ ಅವನು ‘ಪಂಪಾಶತಕ’ವೆಂದು ಹೆಸರಿಟ್ಟ, ಜನರಿಗಾಗಿ ಹಾಡಿದ ರಗಳೆಗಳಲ್ಲಿ ‘ಹಂಪೆಯ ವಿರೂಪಾಕ್ಷ’ನನ್ನು ನೆನೆದ. ಪಂಡಿತರ ಸಭೆಗೆ ಒಂದು, ಮನೆಯಂಗಳಕ್ಕೆ ಒಂದು. ಅವನು ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಬಗೆದಂತೆ ತೋರುವುದಿಲ್ಲ.

ಮುಂದೆ 1336ರಲ್ಲಿ ಹುಟ್ಟಿತೆಂದು ಹೇಳುವ ರಾಜ್ಯವು ವಿರೂಪಾಕ್ಷನನ್ನು ತನ್ನ ಒಡೆಯನೆಂದು ಸಾರಿತು. ವಿಜಯನಗರದ ಅರಸರು ತಮ್ಮ ದಾನಪತ್ರಗಳಿಗೆ ತಮ್ಮ ಹೆಸರನ್ನು ಹಾಕದೆ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಅಂಕಿತ ಹಾಕುತ್ತಿದ್ದರು. ತಾಮ್ರದ ಹಲಗೆಯ ಮೇಲೆ ದೇವರ ಹೆಸರು ಮೆರೆಯಿತು. ದೇವಿಯ ಹೆಸರು ತೊಟ್ಟಿಲಲ್ಲಿ ಬೆಳೆಯಿತು. 1565ರ ಯುದ್ಧದ ಅನಂತರ ರಾಜಧಾನಿ ಹಾಳಾಯಿತು. ಅರಮನೆಗಳು ಸುಟ್ಟವು, ಪೇಟೆಗಳು ಬರಿದಾದವು, ವಿಜಯನಗರವೆಂಬ ಹೆಸರೂ ಆ ಎಡೆಯಿಂದ ಕಳಚಿಬಿದ್ದು ಪುಸ್ತಕಗಳನ್ನು ಸೇರಿತು. ಆದರೆ ವಿರೂಪಾಕ್ಷನ ಗುಡಿಯಲ್ಲಿ ದೀಪ ಉಳಿಯಿತು. ಸಾಮ್ರಾಜ್ಯಕ್ಕಿಂತ ಹಿಂದಿನ ಆ ಹಳೆಯ ಹೆಸರು, ಹಂಪೆ, ಹಳ್ಳಿಗೆ ಉಳಿಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ಹೊಸ ಜಿಲ್ಲೆಯನ್ನು ರಚಿಸಿದಾಗ ವಿಜಯನಗರದ ಹೆಸರನ್ನು ಸರ್ಕಾರದ ಆಜ್ಞೆಯಿಂದ ಮರಳಿ ತರಬೇಕಾಯಿತು. ಹಂಪೆಯ ಹೆಸರನ್ನು ಯಾರೂ ಮರಳಿ ತರಬೇಕಾಗಲಿಲ್ಲ. ಅದು ಎಂದೂ ಹೋಗಿರಲಿಲ್ಲ.

ಹೊಸಪೇಟೆಯ ಕಥೆಯನ್ನೂ ಇಲ್ಲಿ ನೆನೆಯಬೇಕು. ಕೃಷ್ಣದೇವರಾಯನು ಕಟ್ಟಿಸಿದ ಆ ಊರಿಗೆ ಮೊದಲಿಗೆ ನಾಗಲಾಪುರವೆಂದು ಹೆಸರಿತ್ತು. ರಾಯನ ತಾಯಿ ನಾಗಲಾದೇವಿ; ಅವಳ ನೆನಪಿಗೆ ಇಟ್ಟ ಹೆಸರೆಂದು ನಾಡಿನವರು ಹೇಳುತ್ತಾರೆ. ಆ ಕಾಲದಲ್ಲಿ ಬಂದ ಪೋರ್ಚುಗೀಸರು ಮಾತ್ರ ಅರಸನು ಮೆಚ್ಚಿದ ಮಡದಿಯ ಸಲುವಾಗಿ ಕಟ್ಟಿಸಿದ ಊರೆಂದು ಬರೆದಿಟ್ಟರು. ತಾಯಿಯಾಗಲಿ, ಮಡದಿಯಾಗಲಿ, ಅದು ಹೆಣ್ಣಿನ ಹೆಸರು. ಅರಸನು ಬಯಸಿ ಇಟ್ಟ ಆ ಹೆಸರನ್ನು ವ್ಯಾಪಾರಕ್ಕೆ ಬಂದುಹೋಗುವ ಜನ ಹಿಡಿದಿಡಲಿಲ್ಲ. ಅವರಿಗೆ ಅದು ಹೊಸ ಪೇಟೆ, ಅಷ್ಟೇ. ಐದು ನೂರು ವರ್ಷ ಕಳೆದರೂ ಅದು ಇನ್ನೂ ಹೊಸತಾಗಿಯೇ ಇದೆ! ಅರಸನ ಪ್ರೀತಿ ಉಳಿಸಲಾರದ ಹೆಸರಿಗೆ ಆದ ಗತಿ ಇದು. ಪಂಪೆಯ ಹೆಸರನ್ನು ಉಳಿಸಿದವರು ಅರಸರಲ್ಲ, ಹರಕೆ ಹೊತ್ತ ತಾಯಂದಿರು.

ಮಕ್ಕಳಾಗದವರು, ಹುಟ್ಟಿದ ಮಕ್ಕಳು ನಿಲ್ಲದವರು ಜಾತ್ರೆಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು ಬೇಡಿಕೊಳ್ಳುತ್ತಿದ್ದರು. ಗಂಡಾದರೆ ಪಂಪಾಪತಿ, ಹೆಣ್ಣಾದರೆ ಹಂಪಮ್ಮ. ಹೊಳೆಯ ಆಚೆಗೆ ಹುಲಿಗಿಯ ದೇವಿಗೆ ನಡೆದುಕೊಳ್ಳುವ ಮನೆಗಳಲ್ಲಿ ಹುಲಿಗೆಮ್ಮ, ಹುಲಿಗೆಪ್ಪ ಎಂದು ಇಡುವುದೂ ಇದೇ ಬಗೆಯ ನಡೆ. ಸಂಡೂರಿನ ಬೆಟ್ಟದ ಕುಮಾರಸ್ವಾಮಿಯ ಒಕ್ಕಲಿನವರು ಗಂಡುಮಕ್ಕಳಿಗೆ ಅವನ ಹೆಸರಿಡುತ್ತಾರೆ. ಹೆಸರೆಂದರೆ ಇಲ್ಲಿ ಅಲಂಕಾರವಲ್ಲ, ಸಾಲದ ರಸೀತಿ. ದೇವಿಯಿಂದ ಪಡೆದದ್ದನ್ನು ದೇವಿಯ ಹೆಸರಿನಲ್ಲಿಯೇ ಒಪ್ಪಿಕೊಂಡ ಬರಹ. ಒಮ್ಮೆ ಮನೆಗೆ ಬಂದ ಹೆಸರು ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುತ್ತ ಹೋಗುತ್ತಿತ್ತು. ಇದರಿಂದ ಸೊಸೆಯರಿಗೆ ಒದಗುತ್ತಿದ್ದ ತೊಡಕು ಸಣ್ಣದಲ್ಲ. ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಮಗಳಿಗೆ ಅದೇ ಹೆಸರು. ಹೀಗಾಗಿ ಹೆತ್ತ ತಾಯಿಯೇ ಮಗಳನ್ನು ಹೆಸರು ಹಿಡಿದು ಕರೆಯಲಾರದೆ ‘ಅವ್ವಿ’ ಎಂದೋ ‘ಅಮ್ಮಣ್ಣಿ’ ಎಂದೋ ಕರೆದು ಕಾಲ ಕಳೆಯುತ್ತಿದ್ದಳು. ಗಂಡನ ಹೆಸರು ಹಂಪಣ್ಣನಾದರೆ ಪಾಡು ಇನ್ನೂ ಹೆಚ್ಚಿನದು; ಜಾತ್ರೆಗೆ ಹೊರಟವಳು ಯಾವ ಊರಿಗೆಂದು ಕೇಳಿದವರಿಗೆ ‘ವಿರೂಪಾಕ್ಷನ ಊರಿಗೆ’ ಎಂದೇ ಹೇಳಬೇಕು.

ಇಂಥ ಹೆಸರಿಗೆ ಮುಜುಗರದ ಕಾಲ ಬಂದದ್ದು ಶಾಲೆಯ ಹಾಜರಿಪುಸ್ತಕದ ಮೂಲಕ. ತಂದೆಯು ಮಗಳನ್ನು ಕೈಹಿಡಿದು ತಂದು ‘ಹಂಪಮ್ಮ’ ಎಂದು ಹೇಳಿದರೆ ಉಪಾಧ್ಯಾಯರು, ಕೆಟ್ಟ ಮನಸ್ಸಿನಿಂದಲ್ಲ, ಹುಡುಗಿಗೆ ಚೆಂದವಾಗಿರಲೆಂದೇ, ‘ಪಂಪಾವತಿ’ ಎಂದು ಬರೆದುಕೊಳ್ಳುವುದುಂಟು. ಹಕಾರದ್ದು ಹಳ್ಳಿಯ ಮಾತು, ಪಕಾರದ್ದು ಪುಸ್ತಕದ ಮಾತು ಎಂಬ ಭಾವನೆ. ವಿಚಿತ್ರವೆಂದರೆ ಹಾಲನ್ನು ಪಾಲೆಂದೂ ಹೂವನ್ನು ಪೂವೆಂದೂ ಆ ಉಪಾಧ್ಯಾಯರು ಬರೆಯುತ್ತಿರಲಿಲ್ಲ. ಹಾಲಿಗೂ ಹೂವಿಗೂ ಒಪ್ಪುವ ಹಕಾರವು ಹುಡುಗಿಯ ಹೆಸರಿಗೆ ಬಂದಾಗ ಮಾತ್ರ ಕೀಳೆನಿಸಿತು. ಪಟ್ಟಣದ ಶಾಲೆಗೆ ಹೋದ ಹುಡುಗಿಯರು ತಾವಾಗಿಯೇ ಹೆಸರನ್ನು ತಿದ್ದಿಕೊಂಡರು. ಅವರನ್ನು ದೂರುವಂತಿಲ್ಲ. ತರಗತಿಯಲ್ಲಿ ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ಬರುವ ನಗೆಯನ್ನು ಕೇಳಿದವರಿಗೇ ಅದರ ನೋವು ಗೊತ್ತು.

ಈ ಒಂದು ಅಕ್ಷರದ ವ್ಯತ್ಯಾಸವು ನಗೆಯಲ್ಲಿಯೇ ಮುಗಿದಿದ್ದರೆ ಹೇಳುವಂತಹುದೇನೂ ಇರಲಿಲ್ಲ. ಕಂಪ್ಲಿಯ ಕಡೆಯ ಒಬ್ಬ ಮುದುಕಿಯ ಸಂಗತಿ ಹೀಗಿದೆ. ಚಿಕ್ಕಂದಿನಲ್ಲಿ ಮೂರು ತರಗತಿ ಓದಿದ ಅವಳು ಶಾಲೆಯ ದಾಖಲೆಯಲ್ಲಿ ಪಂಪಾವತಿ. ಊರಿನಲ್ಲಿ, ಪಡಿತರದ ಚೀಟಿಯಲ್ಲಿ ಹಂಪಮ್ಮ. ಗಂಡನು ತೀರಿಕೊಂಡ ಮೇಲೆ ಎರಡು ಎಕರೆ ಬತ್ತದ ಗದ್ದೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವಳು ಕಚೇರಿಗೆ ಹೋದಳು. ಒಂದು ಕಾಗದದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು.

“ಈ ಇಬ್ಬರೂ ಒಬ್ಬರೇ ಅನ್ನೋದಕ್ಕೆ ಪುರಾವೆ ಏನಮ್ಮ?” ಎಂದು ಗುಮಾಸ್ತರು ಕೇಳಿದರು.

“ಎರಡೂ ನಾನ ಅದೀನಲ್ರೀ ಸಾಹೇಬ್ರ” ಎಂದಳು ಮುದುಕಿ.

ಕಾನೂನಿಗೆ ಅಷ್ಟು ಸಾಲದು. ಗುಮಾಸ್ತರದೂ ತಪ್ಪಲ್ಲ, ಅವರ ಮುಂದಿದ್ದುದು ಹೆಂಗಸಲ್ಲ, ಕಾಗದ. ಛಾಪಾಕಾಗದ ಕೊಂಡು, ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಇಬ್ಬರು ಸಾಕ್ಷಿಗಳನ್ನು ಕರೆತಂದು, ಹಂಪಮ್ಮ ಮತ್ತು ಪಂಪಾವತಿ ಎಂಬುವರು ಒಬ್ಬರೇ ಎಂದು ಅವಳು ಬರೆದುಕೊಡಬೇಕಾಯಿತು. ನಾಟಿಯ ಹಂಗಾಮು ಆಗಲೇ ಕಳೆದಿತ್ತು. ಖಾತೆ ಆಗದೆ ಬೆಳೆಸಾಲ ಹುಟ್ಟಲಿಲ್ಲ. ಆ ವರ್ಷ ಗದ್ದೆಯನ್ನು ಕೋರಿಗೆ ಕೊಟ್ಟು ಅರ್ಧ ಬತ್ತವನ್ನಷ್ಟೇ ಮನೆಗೆ ತಂದಳು. ಕನ್ನಡ ವ್ಯಾಕರಣದ ಮೊದಲ ಪಾಠದಲ್ಲಿ ಪಕಾರ ಹಕಾರಗಳ ಬಗೆಗೆ ಹೇಳುವ ಒಂದು ಸಾಲು ಆ ಕಾಗದಕ್ಕೆ ಅಂಟಿಸಲು ಬರುವಂತಿದ್ದರೆ ಅವಳ ಅರ್ಧ ಬೆಳೆ ಉಳಿಯುತ್ತಿತ್ತು.

ಇಂದು ಹುಟ್ಟುವ ಮಕ್ಕಳಿಗೆ ಎರಡಕ್ಷರದ, ಮೂರಕ್ಷರದ ನವುರಾದ ಹೆಸರುಗಳು ಬಂದಿವೆ. ಅವು ಎಲ್ಲ ಊರಿಗೂ ಸಲ್ಲುವ ಹೆಸರುಗಳು. ಹೆಸರನ್ನು ಕೇಳಿದರೆ ಊರು ತಿಳಿಯದು. ಹಂಪಮ್ಮನೆಂಬುದು ಮೆಲ್ಲಮೆಲ್ಲನೆ ಅಜ್ಜಿಯರ ಹೆಸರಾಗಿ ಉಳಿಯುತ್ತಿದೆ. ಇತ್ತ ಹೊರಜಗತ್ತು ಆ ಹೆಸರನ್ನು ಹೊಸದಾಗಿ ಕಂಡುಕೊಳ್ಳುತ್ತಿದೆ. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತುಂಗಭದ್ರೆಗೆ ಅಡ್ಡಲಾಗಿ ಹೊಸಪೇಟೆಯ ಬಳಿ ಕಟ್ಟಿ 1953ರಿಂದ ನೀರು ಬಿಟ್ಟ ಜಲಾಶಯವು ಪಂಪಾಸಾಗರವೆನಿಸಿಕೊಂಡಿದೆ. 2023ರಲ್ಲಿ ಸಲ್ಮಾನ್ ರಶ್ದಿಯವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ವಿಕ್ಟರಿ ಸಿಟಿ’ ಎಂಬ ಕಾದಂಬರಿಯು ವಿಜಯನಗರದ ಕಥೆಯನ್ನು ಕಲ್ಪನೆಯಿಂದ ಹೆಣೆದುದು. ಬೀಜ ಬಿತ್ತಿ ನಗರವನ್ನು ಬೆಳೆಸಿ 247 ವರ್ಷ ಬದುಕುವ ಅದರ ನಾಯಕಿಯ ಹೆಸರು ಪಂಪಾ ಕಂಪನ. ಲಂಡನ್ನಿನ, ನ್ಯೂಯಾರ್ಕಿನ ಓದುಗರು ಆ ಹೆಸರಿನ ನಾದಕ್ಕೆ ಮಾರುಹೋಗಿರುವ ಹೊತ್ತಿನಲ್ಲಿ ಕಮಲಾಪುರದ ಹುಡುಗಿಯೊಬ್ಬಳು ತನ್ನ ಹೆಸರನ್ನು ಗೆಳತಿಯರಿಗೆ ಹೇಳಲು ಹಿಂಜರಿಯುತ್ತಿದ್ದಾಳೆ.

ಖಾತೆಯ ಕಷ್ಟವನ್ನು ಉಂಡ ಆ ಮುದುಕಿಗೆ ಮರುವರ್ಷ ಮೊಮ್ಮಗಳು ಹುಟ್ಟಿದಳು. ನಾಮಕರಣದ ಹಿಂದಿನ ದಿನ ಮಗನು ಮೊಬೈಲಿನಲ್ಲಿ ಹೆಸರುಗಳನ್ನು ಹುಡುಕುತ್ತ ಕುಳಿತಿದ್ದ. ಸೊಸೆ ಮಾತ್ರ ಅತ್ತೆಯ ಬಳಿಗೆ ಬಂದು, “ನಿಮ್ಮ ಹೆಸರ ಇಡ್ತೀವಿ ಅತ್ತಿ” ಎಂದಳು.

“ಬ್ಯಾಡವ್ವಾ. ನಾ ಪಟ್ಟದ್ದು ಸಾಕು. ಕೂಸು ಸಾಲಿಗೆ ಹೋಗಾಕಿ, ಹುಡುಗ್ರು ನಗ್ತಾವ.”

“ನಕ್ರ ನಗವಲ್ವರ್ಯಾಕ. ಎಲ್ಲಾ ಕಾಗದದಾಗೂ ಒಂದ ಹೆಸರ ಬರಸ್ತೀನಿ ಬಿಡ್ರಿ.”

ಮಗನು ತಲೆಯೆತ್ತಿ ಇಬ್ಬರನ್ನೂ ನೋಡಿದ. ಯಾವ ರೂಪವೆಂಬ ಪ್ರಶ್ನೆ ಆಮೇಲೆ ಎದ್ದಿತು. ಅವನು ಪಂಪಾ ಎಂದ. ಅದು ಚಿಕ್ಕದು, ಹೊಸ ಕಾಲಕ್ಕೆ ಒಪ್ಪುವಂತಹುದು. ಸೊಸೆಗೆ ಅದು ಸರಿಯೆನಿಸಿತು. ಅತ್ತೆಯ ಹೆಸರನ್ನೇ ಬಾಯಲ್ಲಿ ಕೂಗುವ ತೊಡಕೂ ಅದರಲ್ಲಿ ತಪ್ಪುತ್ತಿತ್ತು. ಜನನ ನೋಂದಣಿಯ ಪತ್ರದಲ್ಲಿ ಪಂಪಾ ಎಂದು ಬರೆಸಿದರು. ಮರುದಿನ ತೊಟ್ಟಿಲಿಗೆ ಹಾಕುವಾಗ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಕೂಸಿನ ಕಿವಿಯಲ್ಲಿ ಆ ಹೆಸರನ್ನು ಮೂರು ಮೂರು ಸಲ ಉಸುರಿದರು. ಕೊನೆಗೆ ಮುದುಕಿಯ ಸರದಿ ಬಂದಿತು. ಹಲ್ಲು ಬಿದ್ದ ಬಾಯಿಯಲ್ಲಿ ಪಕಾರವನ್ನು ಹೊರಡಿಸಲು ಅವಳು ಎರಡು ಸಲ ಯತ್ನಿಸಿದಳು. ಮೂರನೆಯ ಸಲ ಹೊರಟದ್ದು ಹಂಪಾ ಎಂದೇ. ಕೂಸು ಕಣ್ಣು ಬಿಟ್ಟು ಅವಳ ಕಡೆಗೆ ನೋಡಿತು.